ವಿಮಾನದಳದ ಮೀಸಲು ಮಂದಿ

ಕಳೆದ ಸಂಚಿಕೆ ವಾಚಕರ ಕೈಸೇರಿದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಒಂದು ಬಹಳ ಚಿಕ್ಕದು. ಬರೆದವರು ಲೋಹಗಾಂವದ ದಿಕ್ಕಿನಲ್ಲಿ ಮನೆ ಮಾಡಿಕೊಂಡಿರುವ, ಧಾರವಾಡದ ಕಡೆಯ ತಾಯಿಯೊಬ್ಬರು. "ನಮ್ಮ ಹುಡುಗ ಇಂಜಿನಿಯರ ಆಗ್ಯಾನ್ರಿ, ಹಿಂಜವಡಿಯೊಳಗ ನೌಕರಿ. ಮುಂಜಾನೆ ವಿಮಾನದ ಸಪ್ಪಳ ಕೇಳಿದರ ಸಾಕು, ಚಹಾ ಅಲ್ಲೇ ಬಿಟ್ಟು ಮಾಳಿಗಿ ಮ್ಯಾಲ ಓಡತಾನ. ನೌಕರಿ ಬಿಡದನ ವಿಮಾನದಳದಾಗ ಸೇರಲಿಕ್ಕೆ ಬರತದೇನು? ಭೂಸೈನ್ಯದಾಗ ಅಂಥಾದ್ದೊಂದು ಅದ ಅಂತಾರಲ್ಲ?" ಇಷ್ಟೇ ಪತ್ರ. ಉತ್ತರವನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ಹುಡುಕುತ್ತ ಹೋದಂತೆ ಆ ಒಂದು ಮಾತಿನ ಹಿಂದೆ ಎಂಬತ್ತು ವರ್ಷಕ್ಕೂ ಹೆಚ್ಚಿನ ಕಥೆಯಿದೆಯೆಂದು ನಮಗೆ ತಿಳಿಯಿತು. ಕೆಲವು ಮನೆಗಳ ಪಿಂಚಣಿಯ ಪ್ರಶ್ನೆಯೂ ಅದರೊಳಗೆ ಸಿಕ್ಕಿಕೊಂಡಿದೆ. ಆದುದರಿಂದ ಈ ಸಲದ ಪುಟಗಳನ್ನು ಇದಕ್ಕೇ ಕೊಟ್ಟಿದ್ದೇವೆ.

ಭೂಸೈನ್ಯದಲ್ಲಿ ಅಂಥಾದ್ದು ಇರುವುದು ನಿಜ. 1948ರ ಕಾಯ್ದೆಯಂತೆ ಪ್ರಾದೇಶಿಕ ಸೈನ್ಯ ಏರ್ಪಟ್ಟು, 1949ರ ಅಕ್ಟೋಬರ್ 9ರಂದು ರಾಜಾಜಿಯವರು ಅದನ್ನು ಉದ್ಘಾಟಿಸಿದರು. ಸ್ವಂತ ಉದ್ಯೋಗವುಳ್ಳವರು ವರ್ಷದಲ್ಲಿ ಕೆಲವು ಕಾಲ ಸಮವಸ್ತ್ರ ತೊಟ್ಟು ಕವಾಯತು ಮಾಡಿ, ಕರೆ ಬಂದಾಗ ಹೊರಡತಕ್ಕದ್ದು. ವಿಮಾನದಳದಲ್ಲಿ? ಇತ್ತು. ಈಗ ಇಲ್ಲ. ಇದೇ ಆ ಒಂದು ಮಾತಿನ ಉತ್ತರ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸುವುದು ಮೇಲು. 2010ರಲ್ಲಿ ಸಚಿನ್ ತೆಂಡೂಲ್ಕರರಿಗೆ ವಿಮಾನದಳವು ಗ್ರೂಪ್ ಕ್ಯಾಪ್ಟನ್ ಪದವಿಯನ್ನು ಕೊಟ್ಟಿತು. ಅದು ಗೌರವ ಪದವಿ. ಜೆ. ಆರ್. ಡಿ. ಟಾಟಾ ಅವರಿಗೆ 1948ರಲ್ಲಿಯೇ ಅದೇ ಗೌರವ ಸಂದಿತ್ತು. ಟಾಟಾ ಅವರಾದರೂ ವಿಮಾನವನ್ನು ತಾವೇ ಹಾರಿಸಿದವರು. 1932ರಲ್ಲಿ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ಅವರ ಜೊತೆಗಾರ ವಿನ್ಸೆಂಟ್ ಮುಂದೆ ನಮ್ಮ ಬಳ್ಳಾರಿಯ ಮೇಲೆ ಹಾಯ್ದು ಮದರಾಸಿಗೆ ಮುಟ್ಟಿಸಿದ್ದು ವಾಚಕರಿಗೆ ಗೊತ್ತಿರಬಹುದು. ಗೌರವ ಪದವಿ ಬೇರೆ, ಮೀಸಲು ಸೇವೆ ಬೇರೆ. ಮೊದಲನೆಯದರಲ್ಲಿ ಸರಕಾರ ನಮ್ಮನ್ನು ಸನ್ಮಾನಿಸುತ್ತದೆ. ಎರಡನೆಯದರಲ್ಲಿ ನಮ್ಮ ಮೇಲೆ ಸರಕಾರದ ಹಕ್ಕು ಇರುತ್ತದೆ.

ಆ ಹಕ್ಕಿನ ಕಥೆ 1939ರಲ್ಲಿ ಆರಂಭವಾಗುತ್ತದೆ. ಲೋಹಗಾಂವದ ವಿಮಾನನಿಲ್ದಾಣವೂ ಅದೇ ವರ್ಷದ್ದೇ. ಮುಂಬಯಿಗೆ ಆಕಾಶದಿಂದ ರಕ್ಷಣೆ ಕೊಡಲೆಂದು ಬ್ರಿಟಿಷರು ಅದನ್ನು ಕಟ್ಟಿದರು. ಮಹಾಯುದ್ಧ ಹೊತ್ತಿಕೊಂಡಿತ್ತು. ಭಾರತದ ವಿಮಾನದಳಕ್ಕಾಗ ಬರಿಯ ಆರು ವರ್ಷದ ಪ್ರಾಯ. ಇದ್ದದ್ದು ಒಂದೇ ಸ್ಕ್ವಾಡ್ರನ್. ಇಷ್ಟುದ್ದದ ಸಮುದ್ರತೀರವನ್ನು ಕಾಯುವವರಾರು? ಮುಂಬಯಿ, ಕರಾಚಿ, ಮದರಾಸು, ಕಲಕತ್ತೆಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿದ್ದವು. ಅಲ್ಲಿ ವಕೀಲರು, ವ್ಯಾಪಾರಿಗಳು, ಕಂಪನಿಯ ನೌಕರರು, ಶ್ರೀಮಂತರ ಮಕ್ಕಳು ಹವ್ಯಾಸಕ್ಕಾಗಿ ಹಾರುವುದನ್ನು ಕಲಿತಿದ್ದರು. ಅಂಥವರನ್ನು ಕರೆದು ಭಾರತೀಯ ವಿಮಾನದಳದ ಸ್ವಯಂಸೇವಕ ಮೀಸಲು ಎಂಬುದನ್ನು ಕಟ್ಟಿದರು. ಅವರಿಂದ ಕರಾವಳಿ ರಕ್ಷಣೆಯ ತುಕಡಿಗಳು ಎದ್ದವು: ಮದರಾಸು, ಮುಂಬಯಿ, ಕಲಕತ್ತೆ, ಕರಾಚಿ, ಕೊಚ್ಚಿ, ಆಮೇಲೆ ವಿಶಾಖಪಟ್ಟಣ.

ಅವರಿಗೆ ದೊರೆತ ವಿಮಾನಗಳನ್ನು ಕುರಿತು ಒಂದು ಮಾತು ಹೇಳಲೇಬೇಕು. ಅವುಗಳಲ್ಲಿ ಬಹಳಷ್ಟು ವಾಪಿಟಿ ಎಂಬ ಜಾತಿಯವು. ಎರಡು ಜೊತೆ ರೆಕ್ಕೆ, ನಡುವೆ ಕಂಬ ತಂತಿ, ಮೇಲೆ ಮುಚ್ಚಳವಿಲ್ಲದ ಕುಳಿ. ಎಷ್ಟು ಜಗ್ಗಿದರೂ ಗಂಟೆಗೆ ಸುಮಾರು 135 ಮೈಲು. ಇಂದು ನಮ್ಮ ರಸ್ತೆಗಳಲ್ಲಿ ಕೆಲವು ತರುಣರು ಮೋಟಾರು ಓಡಿಸುವ ರಭಸ ಇದಕ್ಕಿಂತ ಬಹಳ ಕಡಿಮೆಯಿಲ್ಲ! ಇದರಲ್ಲಿ ಕುಳಿತು ಸಮುದ್ರದ ಮೇಲೆ ಗಂಟೆಗಟ್ಟಲೆ ಸುತ್ತಿ, ಹಡಗುಗಳ ಮುಂದೆ ಹಿಂದೆ ಕಾವಲು ಹಾರಿ, ನೀರಿನೊಳಗಿನ ಜಲಾಂತರ್ಗಾಮಿಯ ನೆರಳನ್ನು ಕಣ್ಣಿನಿಂದಲೇ ಹುಡುಕಬೇಕು. ಇಂಜಿನು ಕೈಕೊಟ್ಟರೆ ಕೆಳಗೆ ಅರಬ್ಬಿ ಸಮುದ್ರ.

ಇಂಥ ಬಾಗಿಲಿನಿಂದ ಒಳಗೆ ಬಂದವರು ಮುಂದೆ ಏನಾದರು ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಪ್ರತಾಪಚಂದ್ರ ಲಾಲ್ ಹವ್ಯಾಸಕ್ಕಾಗಿ ಹಾರುವುದನ್ನು ಕಲಿತವರು. 1939ರ ನವೆಂಬರಿನಲ್ಲಿ ಈ ಸ್ವಯಂಸೇವಕ ಮೀಸಲಿನಲ್ಲಿ ಅಧಿಕಾರಿಯಾಗಿ ಸೇರಿದರು. 1971ರ ಯುದ್ಧದಲ್ಲಿ ಭಾರತದ ವಿಮಾನದಳವನ್ನು ನಡೆಸಿದ ಏರ್ ಚೀಫ್ ಮಾರ್ಷಲ್ ಲಾಲ್ ಅವರೇ. ಹೈದರಾಬಾದಿನ ಇದ್ರಿಸ್ ಹಸನ್ ಲತೀಫ್ 1942ರಲ್ಲಿ, ಇನ್ನೂ ಹದಿನೆಂಟು ಹತ್ತೊಂಬತ್ತರ ಹುಡುಗ, ಕರಾಚಿಯಲ್ಲಿ ಕರಾವಳಿ ತುಕಡಿಯನ್ನು ಸೇರಿ ಇದೇ ವಾಪಿಟಿಗಳನ್ನು ಹಾರಿಸಿದರು. 1978ರಿಂದ 1981ರವರೆಗೆ ಅವರೂ ದಳದ ಮುಖ್ಯಸ್ಥರಾದರು; ಮುಂದೆ 1982ರಿಂದ 1985ರವರೆಗೆ ಮಹಾರಾಷ್ಟ್ರದ ರಾಜ್ಯಪಾಲರು. ನಮ್ಮ ಗಣೇಶಖಿಂಡದ ರಾಜಭವನದ ಮುಂದೆ ದಿನಾಲೂ ಹಾಯುವ ವಾಚಕರು ಇದನ್ನೊಮ್ಮೆ ನೆನೆಯಬಹುದು.

ಇನ್ನೊಬ್ಬರ ಹೆಸರನ್ನೂ ಬಿಡುವಂತಿಲ್ಲ. ಮಹಿಂದರ್ ಸಿಂಗ್ ಪುಜ್ಜಿ ಎಣ್ಣೆ ಕಂಪನಿಯೊಂದರಲ್ಲಿ ಒಳ್ಳೆಯ ಪಗಾರದ ಕೆಲಸದಲ್ಲಿದ್ದವರು. ಲೈಸೆನ್ಸುಳ್ಳ ವಿಮಾನಚಾಲಕರು ಬೇಕಾಗಿದ್ದಾರೆಂಬ ಜಾಹೀರಾತನ್ನು ನೋಡಿ ಸೇರಿದರು. 1940ರಲ್ಲಿ ಇಂಗ್ಲೆಂಡಿಗೆ ಹೋದ 24 ಭಾರತೀಯ ಚಾಲಕರಲ್ಲಿ ಅವರೂ ಒಬ್ಬರು. ತಲೆಯ ಮೇಲಿನ ರುಮಾಲನ್ನು ಬಿಡದೆ ಹರಿಕೇನ್ ವಿಮಾನ ಹಾರಿಸಿದ ಸಿಖ್ಖ ತರುಣ. 2010ರಲ್ಲಿ ತೀರಿಕೊಂಡರು, 2014ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡ್ ಊರಿನವರು ಅವರ ಪ್ರತಿಮೆ ನಿಲ್ಲಿಸಿದರು. ಆ 24 ಜನರಲ್ಲಿ ಎಲ್ಲರೂ ಮರಳಿ ಬರಲಿಲ್ಲ.

ಯುದ್ಧ ಬೆಳೆದು 1942 ಮುಗಿಯುವ ಹೊತ್ತಿಗೆ ಕರಾವಳಿ ತುಕಡಿಗಳನ್ನು ಮುಚ್ಚಿ, ಅಲ್ಲಿಯ ಜನರನ್ನು ಹೊಸ ಸ್ಕ್ವಾಡ್ರನ್ನುಗಳಿಗೆ ಹಂಚಿಬಿಟ್ಟರು. ಮೀಸಲಿನವರಿಗೂ ಖಾಯಂ ಜನರಿಗೂ ನಡುವಿನ ಗೆರೆ ಅಳಿಸಿಯೇ ಹೋಯಿತು.

ಮುಂದೆ ಸ್ವರಾಜ್ಯ ಬಂದು ಎರಡು ತಿಂಗಳು ಕಳೆದಿತ್ತು. 1947ರ ಅಕ್ಟೋಬರ್ 27ರಂದು ಬೆಳಗಾಗುವ ಮೊದಲೇ ದೆಹಲಿಯಿಂದ ಶ್ರೀನಗರಕ್ಕೆ ಸೈನಿಕರನ್ನು ಸಾಗಿಸಬೇಕಾಗಿ ಬಂದಾಗ ವಿಮಾನದಳದ ಕೈಯಲ್ಲಿದ್ದ ಡಕೋಟಾಗಳು ಏನೇನೂ ಸಾಲಲಿಲ್ಲ. ಖಾಸಗಿ ವಿಮಾನ ಕಂಪನಿಗಳಿಂದ ಡಕೋಟಾಗಳನ್ನು ತರಿಸಿದರು. ವಿಮಾನದ ಸಂಗಡ ಚಾಲಕರೂ ಬಂದರು. ನಿನ್ನೆಯವರೆಗೆ ಗಿರಾಕಿಗಳನ್ನು ಊರಿಂದೂರಿಗೆ ಮುಟ್ಟಿಸುತ್ತಿದ್ದವರು ಇಂದು ಬಂದೂಕು ಹಿಡಿದ ಸಿಪಾಯಿಗಳನ್ನು ಹೊತ್ತುಕೊಂಡು, ಕೆಳಗೆ ತಮ್ಮವರಿದ್ದಾರೋ ವೈರಿಗಳಿದ್ದಾರೋ ಎಂದು ಸುತ್ತು ಹಾಕಿ ನೋಡಿ, ಮಣ್ಣಿನ ಪಟ್ಟಿಯ ಮೇಲೆ ಇಳಿಯಬೇಕು. ಅವರು ಸೈನಿಕರೂ ಅಲ್ಲ, ಮೀಸಲಿನವರೂ ಅಲ್ಲ. ಬೇಡ ಎಂದಿದ್ದರೆ ಅವರನ್ನು ಕಟ್ಟಿಹಾಕಲು ಯಾವ ಮೀಸಲು ಕಾಯ್ದೆಯೂ ಇರಲಿಲ್ಲ. ಅವರಿಗೇನಾದರೂ ಆಗಿದ್ದರೆ ಹೆಂಡಿರು ಮಕ್ಕಳಿಗೆ ಸೈನಿಕನ ಪಿಂಚಣಿ ಸಿಕ್ಕುವ ಬಗೆಯೇನು? ನಮ್ಮ ಅಭಿಪ್ರಾಯದಲ್ಲಿ ಮುಂದಿನ ಕಾಯ್ದೆಯನ್ನು ಓದುವಾಗ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳಬೇಕು.

ಆ ಕಾಯ್ದೆ ಬಂದದ್ದು 1952ರಲ್ಲಿ, ಮೀಸಲು ಮತ್ತು ಸಹಾಯಕ ವಿಮಾನದಳಗಳ ಕಾಯ್ದೆಯೆಂಬ ಹೆಸರಿನಿಂದ. ಕಾಯ್ದೆಯ ಭಾಷೆ ಎಲ್ಲ ಕಾಯ್ದೆಗಳ ಹಾಗೆಯೇ ಒಣ ಹುಲ್ಲು. ಆದರೆ ಅಗಿದು ನೋಡಿದರೆ ಅದರೊಳಗೆ ಮೂರು ಬಗೆಯ ಜನರಿದ್ದಾರೆ. ಖಾಯಂ ದಳದಲ್ಲಿ ದುಡಿದು ಹೊರಬಂದು, ಮತ್ತೆ ಕರೆದರೆ ಹೋಗತಕ್ಕವರು ಒಂದು ಬಗೆ. ಎರಡನೆಯವರು ವಾಯುರಕ್ಷಣಾ ಮೀಸಲು: ನಾಗರಿಕ ವಿಮಾನಗಳ ಚಾಲಕರು, ದಾರಿ ತೋರುವವರು, ಇಂಜಿನಿಯರರು, ಇಂಥ ವಿದ್ಯೆಯುಳ್ಳವರು, ದೇಶಕ್ಕೆ ಬೇಕಾದಾಗ ಇವರನ್ನು ಒತ್ತಾಯದಿಂದಲೂ ಕರೆಯಬಹುದು. 1947ರಲ್ಲಿ ಬಾಯಿಮಾತಿನ ಮೇಲೆ ನಡೆದದ್ದಕ್ಕೆ ಇದು ಕಾಗದದ ಆಧಾರ. ಮೂರನೆಯದೇ ಆ ತಾಯಿ ಕೇಳಿದ್ದು, ಸಹಾಯಕ ವಿಮಾನದಳ. ತಾವಾಗಿಯೇ ಬಂದವರು, ತಮ್ಮ ಉದ್ಯೋಗವನ್ನು ನಡೆಸಿಕೊಂಡೇ ಬಿಡುವಿನಲ್ಲಿ ಕಲಿಯತಕ್ಕವರು.

ಕಾಯ್ದೆಯಲ್ಲಿ ನಮಗೆ ಬಹಳ ಒಪ್ಪಿಗೆಯಾದ ಕಲಮು ಇನ್ನೊಂದಿದೆ. ಹೀಗೆ ಕರೆ ಬಂದು ಹೋದವನು ಮರಳಿ ಬಂದಾಗ, ಅವನ ಹಿಂದಿನ ಮಾಲಿಕನು ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದು. ಪ್ರಾವಿಡೆಂಟ್ ಫಂಡು ಮೊದಲಾದ ಹಕ್ಕುಗಳು ಕೆಡಬಾರದು. ಇದನ್ನು ಬರೆದವನು ಲೋಕಾನುಭವವುಳ್ಳ ಮನುಷ್ಯನಿರಬೇಕು. ದೇಶಭಕ್ತಿ ಎಷ್ಟಿದ್ದರೂ ತಿಂಗಳ ಮೊದಲನೆಯ ತಾರೀಖಿಗೆ ಮನೆಯಲ್ಲಿ ಬಾಡಿಗೆ ಕೊಡಬೇಕಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ಮೀಸಲಿನವನ ಮೊದಲ ಯುದ್ಧ ವೈರಿಯ ಸಂಗಡ ಅಲ್ಲ, ರಜೆ ಕೊಡುವ ಸಾಹೇಬನ ಸಂಗಡ.

1955ರಿಂದ ಮೊದಲಾಗಿ ಸಹಾಯಕ ಸ್ಕ್ವಾಡ್ರನ್ನುಗಳು ಒಂದೊಂದಾಗಿ ಎದ್ದವು. 51ರಿಂದ 57ರವರೆಗಿನ ಸಂಖ್ಯೆಗಳು ಅವುಗಳವು, ಒಟ್ಟು ಏಳು; ದೆಹಲಿ, ಮುಂಬಯಿ, ಮದರಾಸು, ಬಂಗಾಳ, ಒರಿಸ್ಸಾ ಹೀಗೆ ಬೇರೆ ಬೇರೆ ಪ್ರಾಂತಗಳಲ್ಲಿ. ಪುಣೆಗೆ ಬಂದು ನೆಲೆಸಿದ್ದ ನಮ್ಮ ಕನ್ನಡಿಗ ತರುಣನಿಗೆ ಹತ್ತಿರವಾದದ್ದು ಮುಂಬಯಿಯದು. ಮೈಸೂರು ಪ್ರಾಂತದ ಹೆಸರಿನಲ್ಲಿ ಒಂದೂ ಇರಲಿಲ್ಲ. ಆದರೆ ನಮ್ಮ ನಾಡಿನ ಕೈಕೆಲಸ ಅಲ್ಲಿ ಇಲ್ಲದೆ ಇರಲಿಲ್ಲ. ಈ ಹೊಸಬರು ಹಾರಲು ಕಲಿತ ವಿಮಾನಗಳಲ್ಲಿ ಎಚ್. ಟಿ. 2 ಒಂದು, 1951ರಲ್ಲಿ ಮೊದಲು ಹಾರಿದ ಅದು ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹುಟ್ಟಿದ ಸ್ವದೇಶೀ ಕೂಸು. ಅಮೆರಿಕೆಯ ಹಾರ್ವರ್ಡ್ ವಿಮಾನಗಳೂ ಇದ್ದವು. ಆಮೇಲೆ ವ್ಯಾಂಪೈರ್ ಎಂಬ ಜೆಟ್ಟುಗಳು ಬಂದವು.

ಅಲ್ಲಿಗೆ ಕಥೆ ತಿರುಗಿತು. ಜೆಟ್ ವಿಮಾನವನ್ನು ರವಿವಾರ ಮಾತ್ರ ಹಾರಿಸಿ ಬದುಕಿ ಉಳಿಯುವುದು ಕಷ್ಟ. ಸಂಗೀತಗಾರ ಒಂದು ದಿನ ರಿಯಾಜು ತಪ್ಪಿಸಿದರೆ ತನಗೆ ಮಾತ್ರ ತಿಳಿಯುತ್ತದೆ, ಎರಡು ದಿನ ತಪ್ಪಿಸಿದರೆ ಕೇಳುವವರಿಗೂ ತಿಳಿಯುತ್ತದೆ ಎನ್ನುತ್ತಾರಲ್ಲ. ಇಲ್ಲಿ ತಪ್ಪಿದ ಸ್ವರಕ್ಕೆ ಮರುಕಳೆಯೇ ಇಲ್ಲ. ವಿಮಾನ ಬೆಳೆಬಾಳುವುದಾದಷ್ಟೂ ಅದನ್ನು ಅರ್ಧ ಹೊತ್ತಿನ ಚಾಲಕನ ಕೈಗೆ ಕೊಡಲು ಸರಕಾರಕ್ಕೆ ಮನಸ್ಸು ಬಾರದು. ಈ ಏಳು ಸ್ಕ್ವಾಡ್ರನ್ನುಗಳು ಕೊನೆಗೆ ಖಾಯಂ ದಳದಲ್ಲಿ ಸೇರಿಹೋದವು. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ಸಹಾಯಕ ದಳ 1925ರಿಂದ ಬೆಳೆದದ್ದು; 1939ರ ಅಕ್ಟೋಬರ್ 16ರಂದು ಸ್ಕಾಟ್ಲೆಂಡಿನ ತೀರದ ಮೇಲೆ ಬಂದ ಜರ್ಮನರ ವಿಮಾನಗಳನ್ನು ಮೊದಲು ಕೆಡವಿದವರು ಗ್ಲಾಸ್ಗೋ ಮತ್ತು ಎಡಿಂಬರೊ ಊರುಗಳ ಸ್ವಯಂಸೇವಕರೇ. ಅಷ್ಟು ಹೆಸರು ಗಳಿಸಿದ ಮೇಲೂ 1957ರಲ್ಲಿ ಅವರ ಹಾರುವ ಸ್ಕ್ವಾಡ್ರನ್ನುಗಳನ್ನು ಮುಚ್ಚಿದರು. ಆದರೆ ಅವರು ದಳವನ್ನು ಪೂರ್ತಿ ಕೈಬಿಡಲಿಲ್ಲ. ನೆಲದ ಮೇಲಿನ ಕೆಲಸಗಳಿಗೆ ಮತ್ತೆ ಕಟ್ಟಿದರು. ವೈದ್ಯರು, ತಂತಿ-ರೇಡಿಯೋದವರು, ಕಾವಲಿನವರು, ದುರಸ್ತಿಯವರು ಇಂಥವರಿಗೆ ರವಿವಾರದ ಅಭ್ಯಾಸ ಸಾಕಾಗುತ್ತದೆ. ನಮ್ಮಲ್ಲಿ ಹಾಗೇಕೆ ಮಾಡಬಾರದು ಎಂದು ನಮಗನಿಸುತ್ತದೆ. ಹಿಂಜವಡಿಯ ಗಣಕಯಂತ್ರದ ಮುಂದೆ ಕುಳಿತವರಲ್ಲಿ ದಳಕ್ಕೆ ಬೇಕಾದ ವಿದ್ಯೆಯುಳ್ಳವರು ಎಷ್ಟು ಮಂದಿಯಿರಬಹುದು!

ಇರಲಿ. ಇನ್ನು ಮನೆಯ ಮಾತಿಗೆ ಬರೋಣ. ಮೊದಲನೆಯ ಬಗೆಯ ಮೀಸಲನ್ನು ಮೇಲೆ ಹೇಳಿ ಹಾಗೆಯೇ ಬಿಟ್ಟೆವು. ನಮ್ಮ ಸಂಘದ ವಾಚಕರಲ್ಲಿ ಅನೇಕರ ಮನೆಗೆ ಹತ್ತುವುದು ಅದೇ.

ಅಧಿಕಾರಿಗಳ ಮಾತಲ್ಲ ಇದು, ಏರ್‌ಮನ್ ಎಂದು ಕರೆಯಿಸಿಕೊಳ್ಳುವ ಸಾಮಾನ್ಯ ಸೈನಿಕರದು. 1960ರ ಆಸುಪಾಸಿನಲ್ಲಿ ವಿಜಾಪುರ, ಬೆಳಗಾವಿ, ಧಾರವಾಡ, ಕೊಡಗುಗಳಿಂದ ಮ್ಯಾಟ್ರಿಕ್ ಮುಗಿಸಿದ ಹುಡುಗರು ವಿಮಾನದಳಕ್ಕೆ ಭರ್ತಿಯಾದರು. ಅಂದಿನ ಕರಾರು ಹೀಗಿತ್ತು: ಒಂಬತ್ತು ವರ್ಷ ಖಾಯಂ ಸೇವೆ, ಅದರ ಮೇಲೆ ಆರು ವರ್ಷ ಮೀಸಲು. ಆರು ವರ್ಷ ಮನೆಯಲ್ಲಿದ್ದರೂ ಕರೆ ಬಂದರೆ ಹೋಗತಕ್ಕದ್ದು. ಎರಡೂ ಕೂಡಿ ಹದಿನೈದು. ಹದಿನೈದು ವರ್ಷ ಕೂಡಿದ ಮೀಸಲುಗಾರನಿಗೆ ಪಿಂಚಣಿ ಕೊಡಬಹುದೆಂದು 1961ರ ವಿಮಾನದಳದ ಪಿಂಚಣಿ ನಿಯಮಗಳಲ್ಲಿ ಅವಕಾಶವಿತ್ತು.

ಮುಂದೆ ನಡೆದದ್ದೇನು? ದಳಕ್ಕೆ ಮೀಸಲುಗಾರರ ಅವಶ್ಯಕತೆ ಕಡಿಮೆಯಾಯಿತು. ಹಲವರನ್ನು ಒಂಬತ್ತು ವರ್ಷ ಮುಗಿದ ಮೇಲೆ ಮೀಸಲಿಗೆ ವರ್ಗ ಮಾಡದೆ ನೇರವಾಗಿ ಬಿಡುಗಡೆ ಮಾಡಿದರು. ಆರು ವರ್ಷ ಸೇರಲಿಲ್ಲ, ಹದಿನೈದು ಆಗಲಿಲ್ಲ, ಪಿಂಚಣಿಯೂ ಇಲ್ಲ. ಮೂವತ್ತರ ಒಳಗಿನ ತರುಣ; ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಮತ್ತೊಂದು ಕೆಲಸ ಹಿಡಿದ, ಮದುವೆಯಾದ, ಆ ಮಾತನ್ನು ಮರೆತ. ಮೀಸಲಿಗೆ ಬರುತ್ತೇನೆಂದು ಒಪ್ಪಿ ಸಹಿ ಮಾಡಿದವನು ಅವನು, ಬೇಡವೆಂದವರು ಎದುರಿನವರು. ಕರಾರು ಮುರಿದವರು ಯಾರು ಎಂಬುದು ನಲವತ್ತು ವರ್ಷದ ಮೇಲೆ, ಕೂದಲು ನೆರೆತು ಔಷಧದ ಖರ್ಚು ಹೆಚ್ಚಿದಾಗ, ದೊಡ್ಡ ಪ್ರಶ್ನೆಯಾಗಿ ಎದ್ದು ನಿಂತಿತು.

2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸವನ್ನಾರಂಭಿಸಿದ ಮೇಲೆ ಇಂಥ ಹಳೆಯ ಏರ್‌ಮನ್ನರು ಅದರ ಬಾಗಿಲು ತಟ್ಟಿದರು. ಮೀಸಲಿಗೆ ಕಳಿಸದೆ ಇದ್ದುದು ಇವರ ತಪ್ಪಲ್ಲ, ಆದುದರಿಂದ ಮೀಸಲು ಪಿಂಚಣಿಗೆ ಇವರು ಅರ್ಹರು ಎಂದು ಅರ್ಜಿದಾರರ ಪರವಾಗಿ ತೀರ್ಪುಗಳು ಬಂದಿವೆ. ಎಲ್ಲರ ಪ್ರಕರಣವೂ ಒಂದೇ ತೆರನಾಗಿರುವುದಿಲ್ಲ. ತಾವಾಗಿಯೇ ಬಿಡುಗಡೆ ಕೇಳಿ ಬಂದವರ ಸ್ಥಿತಿ ಬೇರೆ, ಕರಾರು ಬೇರೆಯಿದ್ದವರ ಸ್ಥಿತಿ ಬೇರೆ. ತಡಮಾಡಿದವರಿಗೆ ಇನ್ನೊಂದು ನಷ್ಟವೂ ಉಂಟು: 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ, ಇಂಥ ಪಿಂಚಣಿಯ ದಾವೆಗಳಲ್ಲಿ ಹಿಂದಿನ ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಮೂರು ವರ್ಷ ಹಿಂದಕ್ಕೆ ಮಾತ್ರ ದೊರೆಯುತ್ತದೆ. ಪ್ರತಿ ವರ್ಷ ಸುಮ್ಮನಿದ್ದರೆ ಒಂದು ವರ್ಷದ ಹಣ ಹೋಯಿತೆಂದೇ ಲೆಕ್ಕ.

ಇದೇ ಪ್ರಶ್ನೆ ಇಂದು ಹೊಸ ರೂಪದಲ್ಲಿ ಬಂದಿದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದು, ಅದೇ ವರ್ಷದ ಕೊನೆಗೆ ವಿಮಾನದಳದ ಮೊದಲ ಅಗ್ನಿವೀರರು ನಮ್ಮ ಬೆಳಗಾವಿಯ ಸಾಂಬ್ರಾ ಶಾಲೆಯಲ್ಲಿ ಕಲಿಯಲು ತೊಡಗಿದರು. ನಾಲ್ಕು ವರ್ಷದ ಸೇವೆ. ಆಮೇಲೆ ಅವರಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಖಾಯಂ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲಿ, ಕಲಿತ ಕೈಗಳನ್ನು ಹೊತ್ತುಕೊಂಡು ಊರಿಗೆ ಬರುತ್ತಾರೆ. ಹಿಂದಿನವರಿಗೆ ಕಾಗದದ ಮೇಲಾದರೂ ಆರು ವರ್ಷದ ಮೀಸಲು ಇತ್ತು. ಇವರನ್ನು ಮೀಸಲಿನಲ್ಲಿಟ್ಟು ವರ್ಷಕ್ಕೊಮ್ಮೆ ಕರೆದು ಅಲ್ಪಸ್ವಲ್ಪ ಸಂಬಳ ಕೊಟ್ಟರೆ ದಳಕ್ಕೂ ಲಾಭ, ಹುಡುಗನಿಗೂ ಆಸರೆ ಎಂಬುದು ನಮ್ಮ ಎಣಿಕೆ. ದೊಡ್ಡವರು ಯೋಚಿಸಲಿ.

ಪತ್ರ ಬರೆದ ತಾಯಿಗೆ ಇಷ್ಟು ತಿಳಿಸುತ್ತೇವೆ. ನೌಕರಿಯನ್ನು ಇಟ್ಟುಕೊಂಡು ಹಾರುವ ದಾರಿ ವಿಮಾನದಳದಲ್ಲಿ ಈಗಿಲ್ಲ. ನೌಕರಿ ಬಿಡಲು ಮಗ ಸಿದ್ಧನಿದ್ದರೆ ಅಲ್ಪಾವಧಿಯ ಕಮಿಶನ್ನಿನ ಪರೀಕ್ಷೆಯಿದೆ. ಹಾರುವವರಿಗೆ 20ರಿಂದ 24ರವರೆಗೆ, ಇಂಜಿನಿಯರರೇ ಮೊದಲಾದ ನೆಲದ ಕೆಲಸದವರಿಗೆ 26ರವರೆಗೆ ವಯಸ್ಸಿನ ಮಿತಿ. ಆದುದರಿಂದ ಅವನ ಜನ್ಮ ತಾರೀಖನ್ನು ಮೊದಲು ನೋಡಿರಿ. ಬರಿಯ ಹಾರುವ ಹಂಬಲವಾದರೆ, ಹಡಪಸರದಲ್ಲಿ ಸರಕಾರ 1950ರಲ್ಲಿ ಆರಂಭಿಸಿದ ಗ್ಲೈಡಿಂಗ್ ಕೇಂದ್ರದಲ್ಲಿ ಹೋಗಿ ವಿಚಾರಿಸಬಹುದು. ಇಂಜಿನ್ನಿಲ್ಲದ ವಿಮಾನಕ್ಕೆ ಗಾಳಿಯೇ ಆಧಾರ, ಚಹಾ ಆರುವಷ್ಟು ಗಡಿಬಿಡಿಯೂ ಇಲ್ಲ. ಇನ್ನೂ ಕಾಲೇಜಿನಲ್ಲಿರುವ ತಮ್ಮನೋ ತಂಗಿಯೋ ಇದ್ದರೆ ಎನ್. ಸಿ. ಸಿ.ಯ ವಿಮಾನ ವಿಭಾಗವಿದೆ.

ಇನ್ನು ಹಳೆಯ ಏರ್‌ಮನ್ನರಿರುವ ಮನೆಯವರಿಗೆ, ಅವರು ತೀರಿಕೊಂಡಿದ್ದರೆ ಅವರ ಪತ್ನಿಯರಿಗೆ, ಒಂದು ವಿನಂತಿ. ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿರಿ. ಬಿಡುಗಡೆಯ ಪುಸ್ತಕವನ್ನು ಹುಡುಕಿರಿ. ಅದರಲ್ಲಿ ನೋಡಬೇಕಾದವು ಮೂರು: ಸೇರಿದ ತಾರೀಖು, ಸೇರುವಾಗಿನ ಕರಾರು, ಬಿಡುಗಡೆಗೆ ಕೊಟ್ಟ ಕಾರಣ. ಕರಾರಿನಲ್ಲಿ ಒಂಬತ್ತು ಮತ್ತು ಆರು ಎಂಬ ಅಂಕಿಗಳು ಕಂಡರೆ ಅದರ ಎರಡು ಪ್ರತಿ ತೆಗೆಸಿ, ಮೂಲವನ್ನು ಯಾರ ಕೈಗೂ ಕೊಡದೆ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಒಮ್ಮೆ ಹೋಗಿ ಬನ್ನಿರಿ.